ಅಪ್‌ಡೇಟ್: ‘ಒನ್ ಮಿಲಿಯನ್’, ‘ಸ್ಪೈಸ್‌ಬಾಂಬ್’ ಪರ್ಫ್ಯೂಮ್‌ಗಳ ಪೈಕಿ ಕೊನೆಗೆ ಕೊಂಡದ್ದು

ತಮ್ಮನ ಆರತಕ್ಷತೆಗೂ ಆಮೇಲೆ ಕಚೇರಿಗೂ ಒದಗುವಂಥ ಪರ್ಫ್ಯೂಮ್ ಬೇಕಿತ್ತು; 2008ರಲ್ಲಿ ಬಂದ ‘ಒನ್ ಮಿಲಿಯನ್’ ಕೊಳ್ಳಲೋ, 2012ರಲ್ಲಿ ಬಂದ ‘ಸ್ಪೈಸ್‌ಬಾಂಬ್’ ಕೊಳ್ಳಲೋ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಅಂಗಡಿಯಲ್ಲಿ ಸಿಂಪಡಿಸಿ ಮೂಸಲು ಕೊಡುವ ಕಾಗದದ ಪಟ್ಟಿಯನ್ನು ನಂಬದೆ ಮೈಮೇಲೆಯೇ ಪರೀಕ್ಷಿಸಿ ಎಂದು ಹಲವರು ಹೇಳಿದ್ದರಿಂದ, ಬ್ರಿಗೇಡ್ ರಸ್ತೆಯ ಅಂಗಡಿಯೊಂದರಲ್ಲಿ ಒಂದೊಂದು ಮಣಿಕಟ್ಟಿಗೆ ಒಂದೊಂದನ್ನು ಸಿಂಪಡಿಸಿಕೊಂಡು, ಏನನ್ನೂ ಕೊಳ್ಳದೆ, ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿದೆ. ಮೊದಲ ಕಾಲು ಗಂಟೆ ಒನ್ ಮಿಲಿಯನ್ನೇ ಗೆದ್ದಂತಿತ್ತು. ಆದರೆ ಬೇಗ ಆರುವ ಹಣ್ಣಿನ ಘಮವೆಲ್ಲ ಹಾರಿಹೋಗಿ, ಚಕ್ಕೆ, ತೊಗಲು, ಅಂಬರ್‌ಗಳ ಸಿಹಿ ಮಾತ್ರ ಉಳಿದಾಗ, ಜನ ಕಿಕ್ಕಿರಿದಿದ್ದ ಬೋಗಿಯಲ್ಲಿ ಅದು ನನಗೇ ಉಸಿರುಗಟ್ಟಿಸಿತು. ಸ್ಪೈಸ್‌ಬಾಂಬ್ ಮಾತ್ರ, ಗ್ರೆನೇಡ್ ಆಕಾರದ ಸೀಸೆಯ ಅಬ್ಬರ ನೋಡಿ ನಾನು ಅಂಜಿದ್ದಕ್ಕೆ ತದ್ವಿರುದ್ಧವಾಗಿ, ಮೆಣಸಿನ ಖಾರದಿಂದ ಆರಂಭವಾಗಿ ತಂಬಾಕಿನ ಮೆತ್ತನೆಯ ವಾಸನೆಗೆ ಇಳಿಯಿತು. “ರೀ, ಬಿಸಿಬೇಳೆಬಾತ್ ಪುಡಿಗೆ ಹುರಿದ ಹಾಗಿದೆ” ಎಂದು ಮನೆಯವರು ನಕ್ಕರೂ, ಎರಡನೆಯ ಸಲ ಮೂಸಿದ್ದು ಅದೇ ಕೈಯನ್ನು. ಮರುವಾರ ಅದನ್ನೇ ಕೊಂಡೆ. ಆರತಕ್ಷತೆಗೆ ನಾಲ್ಕು ಸಲ ಸಿಂಪಡಿಸಿಕೊಂಡಿದ್ದೆ, ಕಚೇರಿಯ ಎ.ಸಿ. ಕೋಣೆಗೆ ಎರಡೇ ಸಾಕಾಗುತ್ತಿದೆ.