ಶಂಕರಘಟ್ಟ, ಭದ್ರಾವತಿ, ಶಿವಮೊಗ್ಗ: ಎಂ.ಎಸ್ಸಿ.ಗೆ ಎಲ್ಲಿ ರೂಮು ಮಾಡೋದು? ಅನುಭವ ಇದ್ದವರು ಹೇಳಿ

ಹೊಸನಗರದ ಹುಡುಗಿ
ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿಗೆ ಸೀಟು ಸಿಕ್ಕಿದೆ. ಹಾಸ್ಟೆಲಿಗೆ ಅರ್ಜಿ ಹಾಕಿದ್ದೀನಿ, ಸಿಗದಿದ್ದರೆ ಎಂತ ಮಾಡೋದು ಅಂತ ಕೇಳ್ತಿದ್ದೀನಿ. ಶಂಕರಘಟ್ಟ ಅಥವಾ ಬಿಆರ್‌ಪಿಯಲ್ಲಿ (ಭದ್ರಾ ಡ್ಯಾಮಿನ ಹತ್ತಿರದ ಊರು) ರೂಮು ಮಾಡೋದಾ, ಭದ್ರಾವತಿಯಾ, ಶಿವಮೊಗ್ಗದಿಂದ ಓಡಾಡೋದಾ? ಬಾಡಿಗೆ, ಊಟ, ಬಸ್ಸು ಎಲ್ಲ ಸೇರಿ ತಿಂಗಳಿಗೆ 7,000 ದಾಟಬಾರದು. ಗಾಡಿ ಇಲ್ಲ. ಥಂಡಿಯಾದರೆ ಉಬ್ಬಸ ಬರುತ್ತೆ. ಮನೆ ನೋಡಿಬರೋಕೆ ಒಂದು ಭಾನುವಾರ ಮಾತ್ರ ಸಿಗುತ್ತೆ.

ಶಂಕರಘಟ್ಟ ರೂಮು
ಶಂಕರಘಟ್ಟ ಬಿಟ್ಟು ಬೇರೆ ಯೋಚನೆಯೇ ಬೇಡ. ಲ್ಯಾಬ್ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಯಾರೂ ಬರೆದು ಕೊಡಲ್ಲ. ಕರೆಂಟು ಹಾಯಿಸಿ ಡಿಎನ್‌ಎ, ಪ್ರೋಟೀನ್ ಬೇರ್ಪಡಿಸೋ ಜೆಲ್ ಓಡ್ತಾ ಇರುವಾಗ ಬಸ್ಸಿನ ಹೊತ್ತಾಯ್ತು ಅಂತ ಸ್ವಿಚ್ ಆರಿಸಿ ಬಂದರೆ ಅದರಲ್ಲಿ ಮೂಡಿದ ಗೆರೆ (ಬ್ಯಾಂಡ್) ಹರಡಿ ಹೋಗುತ್ತೆ, ಮಾರನೇ ದಿನ ಮತ್ತೆ ಮೊದಲಿಂದ. ನಡೆದು ಹೋಗೋ ದೂರದಲ್ಲಿ ರೂಮಿದ್ದರೆ ಆ ತಲೆಬಿಸಿ ಇಲ್ಲ.

ನನ್ನ ಖರ್ಚು ಹೀಗಿದೆ. ಒಂದು ರೂಮು, ಮೂಲೆಯಲ್ಲಿ ಅಡುಗೆ ಕಟ್ಟೆ, ಹಿಂದೆ ಬಚ್ಚಲು, ಬಾಡಿಗೆ 3,200. ಇಬ್ಬರಿದ್ದೀವಿ, ತಲೆಗೆ 1,600. ಅಡ್ವಾನ್ಸ್ 15,000, ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ತಾರೆ. ಅಕ್ಕಿ ಮನೆಯಿಂದ. ಬೇಳೆ, ಎಣ್ಣೆ, ತರಕಾರಿ, ಹಾಲು ತಲೆಗೆ 1,900. ಗ್ಯಾಸಿಗೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ತಗೊಳ್ಳಿ, ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಕೆ.ಜಿ. ಲೆಕ್ಕದಲ್ಲಿ ದೊಡ್ಡದಕ್ಕಿಂತ ದುಬಾರಿ, ಆದರೆ ಕನೆಕ್ಷನ್ ವರ್ಗಾವಣೆಯ ಗೋಳಿಲ್ಲ. ಎರಡು ಹೊತ್ತು ಬೇಯಿಸಿದರೆ ಇಬ್ಬರಿಗೆ 25 ದಿನ ಬರುತ್ತೆ. ಬಸ್ಸಿಗೆ ಸೊನ್ನೆ. ಒಟ್ಟು 4,500ರ ಒಳಗೆ ಮುಗಿಯುತ್ತೆ.

ನ್ಯೂಟೌನ್ ಭದ್ರಾವತಿ
ಬಸ್ಸಿಗೆ ಸೊನ್ನೆ ಅಂತೀರಲ್ಲ ಗುರೂ, ರಾತ್ರಿ ಹನ್ನೊಂದಕ್ಕೆ ಜ್ವರ ಏರಿದರೆ ಎಲ್ಲಿಗೆ ಹೋಗ್ತೀರಿ? ಭದ್ರಾವತಿಗೇ ಬರಬೇಕು. ಹಾಗಿದ್ದ ಮೇಲೆ ಇಲ್ಲೇ ಇರೋದು ಮೇಲು.

ಇಲ್ಲಿ ಬಾಡಿಗೆ ಕಡಿಮೆ ಯಾಕೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಕಾಗದ ಕಾರ್ಖಾನೆ ನಿಂತಿತು, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಗಾರರು ಕರಗಿದರು, ಮಕ್ಕಳು ಬೆಂಗಳೂರಿಗೆ ಹೋದರು. ಕಟ್ಟಿದ ಮನೆಗಳು ಹಾಗೇ ಉಳಿದಿವೆ. ಎರಡು ರೂಮು, ಅಡುಗೆಮನೆ, ಒಳಗೇ ಬಚ್ಚಲು ಇರೋ ಮನೆ 4,500ಕ್ಕೆ ಸಿಗುತ್ತೆ, ಮೂವರಾದರೆ ತಲೆಗೆ 1,500. ನ್ಯೂಟೌನ್, ಜನ್ನಾಪುರ, ಕಾಗದನಗರ ನೋಡಿ. ಹೊಳೆ ಪಕ್ಕ ಬೇಡ. ಭದ್ರಾ ಡ್ಯಾಮಿನ ಗರಿಷ್ಠ ಮಟ್ಟ 186 ಅಡಿ, ಅದರ ಹತ್ತಿರ ಬಂದಾಗ ಗೇಟು ತೆಗೀತಾರೆ. ನೀರು ಜೋರಾಗಿ ಬಿಟ್ಟರೆ ಊರಿನ ಹೊಸ ಸೇತುವೆ ಮುಳುಗುತ್ತೆ, ಕವಲಗುಂದಿ ಕಡೆ ಮನೆಗಳಿಗೆ ನೀರು ಬರುತ್ತೆ. ಜುಲೈ, ಆಗಸ್ಟಿನಲ್ಲಿ ಡ್ಯಾಮಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತೆ, ನೋಡ್ತಾ ಇರಬೇಕು.

ಹುಡುಗಿಯರಿಗೆ ಇನ್ನೊಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು, ಶೂನ್ಯ ಟಿಕೆಟ್ ಕೇಳಿ ಇಸ್ಕೊಂಡು ಇಳಿಯುವ ತನಕ ಇಟ್ಕೊಳ್ಳಬೇಕು. ಆದರೆ ಮಲೆನಾಡಿನಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದರಲ್ಲಿ ಪೂರ್ತಿ ದುಡ್ಡು. ಮನೆ ನೋಡೋ ಮುಂಚೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಎರಡೇ ಪ್ರಶ್ನೆ ಕೇಳಿ: ಬೆಳಿಗ್ಗೆ ಕ್ಲಾಸಿಗೆ ಸರಿಹೋಗೋ ಸರ್ಕಾರಿ ಬಸ್ ಎಷ್ಟಕ್ಕೆ, ಕ್ಯಾಂಪಸ್ ಕಡೆಯಿಂದ ಕೊನೆಯದು ಎಷ್ಟಕ್ಕೆ. ಭಾನುವಾರದ ಟೈಮು ಬೇರೆ, ವಾರದ ದಿನದ್ದೇ ಕೇಳಿ.

ವಿನೋಬನಗರ ಎರಡನೇ ಹಂತ
ಎಂ.ಎಸ್ಸಿ. ಎರಡು ವರ್ಷದ್ದು. ಆಮೇಲೆ ಕೆಸೆಟ್, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ), ಕೆಪಿಎಸ್‌ಸಿ ಅಂತ ಓದಲೇಬೇಕು. ಕೋಚಿಂಗ್, ಜೆರಾಕ್ಸ್, ಲೈಬ್ರರಿ ಎಲ್ಲ ಶಿವಮೊಗ್ಗದಲ್ಲಿದೆ. ಕ್ಯಾಂಪಸ್ ಸುಮಾರು 28 ಕಿ.ಮೀ. ಬೈಕಿನ ಲೆಕ್ಕ ಹಾಕಿ: ದಿನಕ್ಕೆ 56 ಕಿ.ಮೀ., ಮೈಲೇಜ್ 45 ಅಂದರೆ ಒಂದೂಕಾಲು ಲೀಟರ್. ಲೀಟರಿಗೆ 103 ಹಿಡಿದರೆ 128 ರೂಪಾಯಿ, 22 ದಿನಕ್ಕೆ 2,800 ಚಿಲ್ಲರೆ. ತಿಂಗಳಿಗೆ 1,232 ಕಿ.ಮೀ. ಓಡುತ್ತೆ, 3,000ಕ್ಕೊಮ್ಮೆ ಆಯಿಲ್ ಬದಲಾಯಿಸೋದಾದರೆ ಎರಡೂವರೆ ತಿಂಗಳಿಗೊಂದು ಸರ್ವಿಸ್. ಮಳೆಗಾಲದಲ್ಲಿ ಚೈನಿಗೆ ವಾರಕ್ಕೊಮ್ಮೆ ಎಣ್ಣೆ ಬಿಡದಿದ್ದರೆ ಸ್ಪ್ರಾಕೆಟ್ಟೂ ಸೇರಿ ಹೋಗುತ್ತೆ. ಇಷ್ಟು ಕೊಟ್ಟರೂ ಊರಲ್ಲಿರೋದೇ ಲಾಭ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಶಂಕರಘಟ್ಟ ರೂಮು
ಆ ಹುಡುಗಿ ಗಾಡಿ ಇಲ್ಲ ಅಂತ ಬರೆದಿದ್ದಾಳೆ. ಮೊದಲು ಓದಿ. ಪೆಟ್ರೋಲಿಗೇ 2,800 ಹೋದರೆ ಬಾಡಿಗೆಗೆ ಎಂತ ಉಳಿಯುತ್ತೆ?

ವಿನೋಬನಗರ ಎರಡನೇ ಹಂತ
ಓದಿಯೇ ಹೇಳಿದ್ದು ಮಾರಾಯ್ರೆ. ಕಾಡಿನ ಅಂಚಿನಲ್ಲಿ ಎರಡು ವರ್ಷ ಕೂತು ಹೊರಗೆ ಬಂದವರಿಗೆ ಅರ್ಜಿಯ ಕೊನೇ ದಿನಾಂಕವೂ ಗೊತ್ತಿರಲ್ಲ.

ವಿದ್ಯಾನಗರ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಶಿವಮೊಗ್ಗ ಅಂದರೆ ವಿನೋಬನಗರ, ಗೋಪಾಳ ಅಷ್ಟೇ ಅಲ್ಲ. ಬಸ್ಸಿನಲ್ಲಿ ಹೋಗೋರಿಗೆ ವಿನೋಬನಗರ ಊರಿನ ತಪ್ಪು ಬದಿ. ಸಿಟಿ ಬಸ್ಸು ಹಿಡಿದು ಬಸ್ ಸ್ಟ್ಯಾಂಡು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ತುಂಗಾ ಸೇತುವೆ ದಾಟಬೇಕು. ಬೆಳಿಗ್ಗೆ ಅರ್ಧ ಗಂಟೆ ಊರೊಳಗೇ ಹೋಗುತ್ತೆ. ವಿದ್ಯಾನಗರ ಸೇತುವೆಯಾಚೆ ಇದೆ, ಸಹ್ಯಾದ್ರಿ ಕಾಲೇಜಿರೋ ಕಡೆ, ಭದ್ರಾವತಿ ಬಸ್ಸುಗಳೆಲ್ಲ ಬಿ.ಎಚ್. ರಸ್ತೆಯಲ್ಲೇ ಹೋಗ್ತವೆ. ಕೊರತೆ ಒಂದು, ಸೀಟು ಸ್ಟ್ಯಾಂಡಿನಲ್ಲೇ ತುಂಬಿರುತ್ತೆ, ನಿಂತೇ ಹೋಗಬೇಕು. ಇಲ್ಲೂ ಹೊಳೆ ಕಡೆಯ ತಗ್ಗಿನ ಬೀದಿ ಬೇಡ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಎಲ್ಲಿ ತನಕ ನೀರು ಬಂದಿತ್ತು ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ರಿಸರ್ಚ್ ಸ್ಕಾಲರ್
ಮುಂದೆ ಪಿಎಚ್‌ಡಿ ಮಾಡೋರು ಇದನ್ನು ನೆನಪಿಡಿ, ಯಾರೂ ಹೇಳಲ್ಲ. ಸಂಶೋಧಕರಿಗೆ ತಿಂಗಳಿಗೆ ಬರೋ ಯುಜಿಸಿ ಫೆಲೋಶಿಪ್, ಅಂದರೆ ಜೆಆರ್‌ಎಫ್, 2023ರ ಜನವರಿಯಿಂದ 37,000, ಎರಡು ವರ್ಷದ ನಂತರ ಮೇಲಿನ ಹಂತದ ಎಸ್‌ಆರ್‌ಎಫ್ 42,000. ಮನೆ ಬಾಡಿಗೆ ಭತ್ಯೆ ಅದರ ಮೇಲೆ. ಆದರೆ ಹಾಸ್ಟೆಲ್ ಸಿಕ್ಕಿದ್ದನ್ನು ನೀವೇ ಬೇಡ ಅಂದರೆ ಆ ಭತ್ಯೆಯ ಹಕ್ಕು ಹೋಗುತ್ತೆ. ಹಾಸ್ಟೆಲಿನಲ್ಲಿ ಜಾಗ ಇಲ್ಲದಿದ್ದರೆ ಹಾಗಂತ ಲಿಖಿತವಾಗಿ ತಗೊಂಡು, ಆಮೇಲೆ ಹೊರಗೆ ರೂಮು ಮಾಡಿ. ಮೊದಲು ರೂಮು, ಆಮೇಲೆ ಕಾಗದ ಅಂದರೆ ಬಿಲ್ಲು ಪಾಸಾಗಲ್ಲ.

ಗೋಪಾಳ ಸಿ ಬ್ಲಾಕ್
ಬಾಡಿಗೆ ಎಲ್ಲರೂ ಹೇಳಿದಿರಿ, ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ. ಗೃಹಜ್ಯೋತಿಯಲ್ಲಿ ಮೆಸ್ಕಾಂ ಬಿಲ್ಲು ಸೊನ್ನೆ ಬಂದರೂ ಮಾಲೀಕರು ಸಬ್‌ಮೀಟರ್ ಇಟ್ಟು ಯೂನಿಟ್ಟಿಗೆ 8 ರೂಪಾಯಿ ಕೀಳ್ತಾರೆ. ನಾನಿರೋ ಮನೆಯಲ್ಲೂ ಹೀಗೇ, ತಿಂಗಳಿಗೆ 350. ಇದು ಅನ್ಯಾಯ. ಕರಾರು ಮಾಡುವಾಗಲೇ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರೋ ಕನೆಕ್ಷನ್ ಸಂಖ್ಯೆ) ಬರೆಸಿ. ಪ್ರತ್ಯೇಕ ಮೀಟರ್ ಇದ್ದರೆ ಸೇವಾ ಸಿಂಧುವಿನಲ್ಲಿ ಹಳೇ ಬಾಡಿಗೆದಾರರ ಆಧಾರ್ ಡಿ-ಲಿಂಕ್ ಮಾಡಿಸಿ ನಿಮ್ಮದು ಜೋಡಿಸಿ.

ಮನೆ ಕಟ್ಟಿದವನು
ಎಲ್ಲ ಮಾಲೀಕರೂ ಕಳ್ಳರು ಅನ್ನೋ ಹಾಗೆ ಬರೀಬೇಡಿ. ಒಂದು ಮೀಟರ್, ಮೂರು ಪೋರ್ಷನ್ ಇರೋ ಮನೆಯ ಲೆಕ್ಕ ಕೇಳಿ. ಹಿಂದಿನ ಸರಾಸರಿ 150 ಯೂನಿಟ್ ಇದ್ದರೆ ಶೇ 10 ಸೇರಿಸಿ 165 ಪುಕ್ಕಟೆ. 190 ಉರಿದರೆ 25ಕ್ಕೆ ದುಡ್ಡು. 205 ಉರಿದರೆ 200ರ ಮಿತಿ ದಾಟಿತು, ಇಡೀ ಬಿಲ್ಲು ಕಟ್ಟಬೇಕು, 5ಕ್ಕೆ ಮಾತ್ರ ಅಲ್ಲ. ಮೂವರಿಗೆ ಅಂತ ಕೊಟ್ಟ ರೂಮಲ್ಲಿ ಐದು ಜನ ಇದ್ದು, ಎಲ್ಲರೂ ನೀರು ಕಾಯಿಸೋ ರಾಡ್ ಹಾಕಿದರೆ 200 ದಾಟದೆ ಇನ್ನೇನಾಗುತ್ತೆ? ನೀರಿನ ಮೋಟಾರಿನ ಕರೆಂಟು ಯಾರು ಕೊಡೋದು?

ಗೋಪಾಳ ಸಿ ಬ್ಲಾಕ್
1 ಎಚ್‌ಪಿ ಮೋಟಾರು ಅಂದರೆ 746 ವ್ಯಾಟ್. ದಿನಾ ಅರ್ಧ ಗಂಟೆ ಓಡಿಸಿದರೂ ತಿಂಗಳಿಗೆ 11 ಯೂನಿಟ್. ಅದಕ್ಕೆ 350 ಆಗಲ್ಲ ಸರ್. 205ರ ಕಥೆ ಸರಿ, ಒಪ್ತೀನಿ. ಹಾಗಾದರೆ ತಿಂಗಳ ಬಿಲ್ಲು ತೋರಿಸಿ, ಬಂದಷ್ಟನ್ನು ತಲೆಗೆ ಹಂಚಿ. ಸೊನ್ನೆ ಬಂದ ತಿಂಗಳೂ ಇಸ್ಕೊಳ್ಳೋದು ಯಾವ ನ್ಯಾಯ?

ಮನೆ ಕಟ್ಟಿದವನು
ಬಿಲ್ಲು ಗೋಡೆಗೆ ಅಂಟಿಸೋ ಮಾಲೀಕರೂ ಇದ್ದಾರೆ. ನಾನು ಅಂಟಿಸ್ತೀನಿ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇರುವಕ್ಕಿ ಕೃಷಿ
ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ವಿವಿಗೆ ಸೇರೋರಿಗೆ ಇದ್ಯಾವುದೂ ಅನ್ವಯ ಆಗಲ್ಲ. ನಮಗೆ ಆನಂದಪುರ ಹತ್ತಿರ, ತಾಳಗುಪ್ಪ ರೈಲೂ ಸಿಗುತ್ತೆ.

ನ್ಯೂಟೌನ್ ಭದ್ರಾವತಿ
ಆ ಹುಡುಗಿ ಕೇಳಿದ್ದು ಇರುವಕ್ಕಿ ಅಲ್ಲ.

ತೀರ್ಥಹಳ್ಳಿ ಅಕ್ಕ
ಇಷ್ಟು ಜನ ಬರೆದಿರಿ, ಉಬ್ಬಸ ಅನ್ನೋ ಮಾತು ಒಬ್ಬರ ಕಣ್ಣಿಗೂ ಬೀಳಲಿಲ್ಲ. ತಂಗಿ, ನೀನು ಊರು ಆರಿಸೋ ಮುಂಚೆ ಗೋಡೆ ಆರಿಸು. ಬೂಷ್ಟು ಹಿಡಿಯೋ ರೂಮು ಪುಕ್ಕಟೆ ಕೊಟ್ಟರೂ ನಿನಗಾಗಲ್ಲ. ಆ ಪುಡಿ ಗಾಳಿಯಲ್ಲಿ ಸೇರಿ ನೇರ ಎದೆಗೇ ಹೋಗುತ್ತೆ.

ನಮ್ಮ ಕಡೆ ಮುಂಗಾರು ಪಶ್ಚಿಮ, ನೈಋತ್ಯದಿಂದ ಹೊಡೆಯುತ್ತೆ. ಎರಚಲು ಬೀಳೋದು ಆ ಕಡೆಯ ಗೋಡೆಗೇ. ರೂಮಿನೊಳಗೆ ನಿಂತು ಪಶ್ಚಿಮ ಯಾವುದು ಅಂತ ಮೊದಲು ತಿಳ್ಕೊ. ಆ ಗೋಡೆಗೆ ಹೊರಗೆ ಜಗಲಿಯೋ, ಮಾಡಿನ ಚಾಚೋ, ಕಟ್ಟಿದ ತಗಡೋ ಇದ್ದರೆ ಒಳ್ಳೇದು. ಬೋಳಾಗಿದ್ದರೆ ಒಳಗಿಂದ ಅಂಗೈ ಒತ್ತಿ ಹಿಡಿ. ಬೇರೆ ಗೋಡೆಗಿಂತ ತಣ್ಣಗಿದ್ದರೆ ಒಳಗೆ ನೀರಿದೆ. ಬೆರಳ ಗೆಣ್ಣಿನಿಂದ ಕುಟ್ಟು. ಪೊಳ್ಳು ಸದ್ದು ಬಂದರೆ ಗಾರೆ ಬಿಟ್ಟಿದೆ. ನೆಲದಿಂದ ಮೂರಡಿ ತನಕ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅಲ್ಲಿ ಕಲೆ ಮುಚ್ಚಿದ್ದಾರೆ ಅಂತಲೇ ತಿಳಿ. ಬಣ್ಣದ ಮೇಲೆ ಬಿಳಿ ಉಪ್ಪಿನ ಪುಡಿ ಉದುರ್ತಿದ್ದರೆ ನೀರು ತಳದಿಂದ ಏರ್ತಿದೆ, ಅದು ಬಣ್ಣಕ್ಕೆಲ್ಲ ನಿಲ್ಲಲ್ಲ. ಕೊನೆಗೆ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡು. ಗೋಡೆಗೆ ಬಣ್ಣ ಹೊಡೀತಾರೆ, ಕಪಾಟಿನ ಒಳಗೆ ಯಾರೂ ಹೊಡೆಯಲ್ಲ. ಅಲ್ಲಿ ಹಳೇ ಗೋಣಿಯ ವಾಸನೆ ಬಂದರೆ ಮಾತಾಡದೆ ಮುಂದಿನ ಮನೆಗೆ ಹೋಗು.

ಹೆಂಚಿನ ಮನೆ ಅಂತ ಬಿಟ್ಟುಬಿಡಬೇಡ. ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತೆ, ಸೋರಿದರೆ ಎಲ್ಲಿ ಅಂತ ಕಾಣುತ್ತೆ, ಮಂಗ ಸರಿಸಿದ ಹೆಂಚನ್ನು ಹತ್ತು ನಿಮಿಷದಲ್ಲಿ ಸರಿ ಮಾಡಬಹುದು. ಆರ್‌ಸಿಸಿ ತಾರಸಿಯಲ್ಲಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೇವ ತೋರಿಸುತ್ತೆ, ಹುಡುಕೋದೇ ಕಷ್ಟ. ಆದರೆ ಹೆಂಚಿನ ಕೆಳಗೆ ಸೀಲಿಂಗ್ ಹೊಡೆದು ಗಾಳಿ ಮುಚ್ಚಿದ್ದರೆ ಬೇಡ. ಅಡುಗೆ, ಬಟ್ಟೆ ಒಣಗಿಸೋದು, ಮಲಗೋದು ಮೂರೂ ಒಂದೇ ರೂಮಲ್ಲಿ ಅಂದರೂ ಬೇಡ. ಒದ್ದೆ ಬಟ್ಟೆಯ ನೀರೆಲ್ಲ ರಾತ್ರಿ ಗೋಡೆಗೇ ಕೂರುತ್ತೆ. ಬಟ್ಟೆ ಹರವೋಕೆ ಹೊರಗೆ ಮಾಡಿನ ಕೆಳಗೆ ಆರಡಿ ಜಾಗ ಇದೆಯಾ ನೋಡು. ತೆಂಗಿನ ನಾರಿನ ಹಾಸಿಗೆ ತರಬೇಡ, ಆಗಸ್ಟಿನೊಳಗೆ ಅಡಿಯಲ್ಲಿ ಬೂಷ್ಟು ಬರುತ್ತೆ. ಮಂಚ ಗೋಡೆಯಿಂದ ನಾಲ್ಕು ಬೆರಳು ಈಚೆ ಇರಲಿ.

ಶಂಕರಘಟ್ಟ ರೂಮು
ಅಕ್ಕ ಹೇಳಿದ್ದು ನಿಜ, ನಾನು ಬರೀಬೇಕಿತ್ತು. ನನ್ನ 3,200ರ ರೂಮಿನ ಪಶ್ಚಿಮದ ಗೋಡೆ ಬೋಳು. ಅವಳಿಗೆ ಆ ರೂಮು ಬೇಡ. ಆದರೂ ಊರು ಶಂಕರಘಟ್ಟವೇ ಸರಿ, ಪೂರ್ವಕ್ಕೆ ಬಾಗಿಲಿದ್ದು ಪಶ್ಚಿಮಕ್ಕೆ ಮಾಲೀಕರ ಮನೆ ತಾಗಿದ ರೂಮು ಹುಡುಕಬೇಕು. 500 ಜಾಸ್ತಿ ಕೇಳಿದರೂ ಕೊಡಿ.

ನ್ಯೂಟೌನ್ ಭದ್ರಾವತಿ
ಡ್ಯಾಮಿನ ಪಕ್ಕಕ್ಕಿಂತ ಭದ್ರಾವತಿಯಲ್ಲಿ ಮಳೆಯೂ ಕಡಿಮೆ, ಥಂಡಿಯೂ ಕಡಿಮೆ. ಉಬ್ಬಸಕ್ಕೆ ಯಾವುದು ಒಳ್ಳೇದು ಅಂತ ನೀವೇ ಹೇಳಿ.

ಹೊಸನಗರದ ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಶಂಕರಘಟ್ಟ ಮೊದಲು, ಹೊತ್ತು ಉಳಿದರೆ ಜನ್ನಾಪುರ ನೋಡ್ತೀನಿ. ಬಸ್ಸಿನ ಟೈಮು ಶುಕ್ರವಾರವೇ ಫೋನು ಮಾಡಿ ಕೇಳ್ತೀನಿ. ಅಕ್ಕ, ಬಿಸಿನೀರಿಗೆ ಎಂತ ಮಾಡೋದು? ಬಚ್ಚಲು ಒಲೆ ಇರೋ ಮನೆಯಾದರೆ ಹೊಗೆ ಆಗಲ್ಲ ನನಗೆ.

ತೀರ್ಥಹಳ್ಳಿ ಅಕ್ಕ
ಒಲೆ ಇದ್ದರೂ ಉರಿಸಬೇಡ, ಮಳೆಗಾಲದ ಸೌದೆ ಹಸಿ, ಹೊಗೆಯೇ ಜಾಸ್ತಿ. 1,500 ವ್ಯಾಟಿನ ರಾಡ್ ತಗೊ, ಐಎಸ್‌ಐ ಗುರುತಿರಲಿ. 20 ಲೀಟರ್ ಬಕೆಟ್ಟು ಕಾಯೋಕೆ 20 ನಿಮಿಷ, ಅರ್ಧ ಯೂನಿಟ್. ಇಬ್ಬರು ದಿನಾ ಮಿಂದರೆ ತಿಂಗಳಿಗೆ 30 ಯೂನಿಟ್, ಮಾಲೀಕರ ಹತ್ತಿರ ಇದನ್ನು ಮೊದಲೇ ಹೇಳಿ ಒಪ್ಪಿಸು. ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ ಪಾಯಿಂಟು, ಅರ್ಥಿಂಗ್ ಇರೋದು ಬೇಕು. ರೂಮು ನೋಡುವಾಗ ಮೂರು ತೂತಿನ ದೊಡ್ಡ ಸಾಕೆಟ್ ಎಲ್ಲಿದೆ ಅಂತ ಹುಡುಕು. ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿದರೆ ಕರಗುತ್ತೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಾಯಿಸು, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ ಮಾತ್ರ ನೀರಿಗೆ ಕೈ ಹಾಕು.

ಗೋಪಾಳ ಸಿ ಬ್ಲಾಕ್
ಆ 30 ಯೂನಿಟ್ಟಿಗೂ ಸಬ್‌ಮೀಟರ್ ಓಡುತ್ತೆ ನೋಡು ತಂಗಿ, ಕರಾರಿನಲ್ಲಿ ಬರೆಸಿಕೊ.