ಅಪ್‌ಡೇಟ್: ಅಪ್ಪ ಅಮ್ಮನ ಜೊತೆ ಪೋರ್ಟ್ಸ್‌ಮತ್ ನೋಡಿ ಬಂದೆವು

ಲಂಡನ್‌ನಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರುವ ಹಾಗೆ ಪೋರ್ಟ್ಸ್‌ಮತ್‌ನ ಹಳೇ ನೌಕಾ ಬಂದರು ನೋಡಬಹುದಾ, ಅಪ್ಪನ ಮಂಡಿನೋವಿಗೆ ಕಷ್ಟ ಆಗುತ್ತದಾ ಅಂತ ಕೇಳಿದ್ದೆ. ಧಾರಾಳವಾಗಿ ನೋಡಬಹುದು. ವಾಟರ್‌ಲೂನಲ್ಲಿ ರೈಲು ಹತ್ತಿ ಪೋರ್ಟ್ಸ್‌ಮತ್ ಹಾರ್ಬರ್‌ನಲ್ಲಿ ಇಳಿದರೆ ಡಾಕ್‌ಯಾರ್ಡ್ ಗೇಟು ಹತ್ತಿರದಲ್ಲೇ ಇದೆ.

ಮೇರಿ ರೋಸ್‌ಗೆ ಜಾಸ್ತಿ ಹೊತ್ತು ಇಡಿ ಅಂದವರಿಗೆ ಥ್ಯಾಂಕ್ಸ್. ಅದು ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಯುದ್ಧನೌಕೆ. 1545ರಲ್ಲಿ ಮುಳುಗಿದ್ದನ್ನು 1982ರಲ್ಲಿ ಮೇಲೆತ್ತಿದರು. ಉಳಿದಿರುವುದು ಹೆಚ್ಚುಕಮ್ಮಿ ಒಂದು ಮಗ್ಗುಲು ಮಾತ್ರ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನಾವಿಕರ ಸಣ್ಣಪುಟ್ಟ ಸಾಮಾನು. ಮರದ ಬಾಚಣಿಗೆ, ಎರಡೂ ಕಡೆ ಹಲ್ಲು, ಒಂದು ಕಡೆ ಒತ್ತೊತ್ತಾಗಿ. "ಅಯ್ಯೋ, ಇದು ಸೀರಣಿಗೆ ಅಲ್ವಾ!" ಅಂತ ಅಮ್ಮ ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟರು. ಹೇನು ಯಾವ ರಾಜನ ಕಾಲದಲ್ಲೂ ಯಾರನ್ನೂ ಬಿಟ್ಟಿಲ್ಲ, ಬಿಡಿ. ಒಳಗೆ ಲಿಫ್ಟ್ ಇದೆ, ಅಪ್ಪನಿಗೆ ತೊಂದರೆ ಆಗಲಿಲ್ಲ.

ಅಲ್ಲೇ ಇರುವ ಇನ್ನೊಂದು ಹಳೇ ಯುದ್ಧನೌಕೆ ವಿಕ್ಟರಿಯ ಕಥೆ ಬೇರೆ. 1805ರ ಟ್ರಫಾಲ್ಗರ್ ಸಮುದ್ರ ಕಾಳಗದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಸತ್ತದ್ದು ಇದರಲ್ಲೇ. ದೊಡ್ಡ ರಿಪೇರಿ ನಡೆಯುತ್ತಿದೆ, ಫೋಟೋ ಆಸೆ ಇಟ್ಟುಕೊಳ್ಳಬೇಡಿ. ಒಳಗೆ ಮೆಟ್ಟಿಲು ತುಂಬಾ ಕಡಿದಾಗಿವೆ, ತಲೆ ಬಗ್ಗಿಸಿಯೇ ಓಡಾಡಬೇಕು. ಅಪ್ಪ ಹೊರಗೇ ಕೂತರು.

ಬಾಂಬೆಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಇಲ್ಲಿದೆಯಾ ಅಂತ ಒಬ್ಬರು ಕೇಳಿದ್ದರು. 1817ರ ಆ ಹಡಗು ಹಿಂದೆ ಬಹಳ ಕಾಲ ಇದೇ ಬಂದರಿನಲ್ಲಿತ್ತು. ಈಗ ಉತ್ತರದ ಹಾರ್ಟ್ಲ್‌ಪೂಲ್‌ನಲ್ಲಿದೆ. ಅದಕ್ಕೆ ಬೇರೆಯೇ ಪ್ಲಾನ್ ಹಾಕಬೇಕು.