ಸಹಾಯ ಬೇಕು: ಟೆಲ್ಮಿಸಾರ್ಟನ್ ಮಾತ್ರೆ ಮತ್ತು ಕಡಿಮೆ ಸೋಡಿಯಂ ಉಪ್ಪು
ಎಲ್ಲರಿಗೂ ನಮಸ್ಕಾರ. 68 ವರ್ಷದ ನನ್ನ ತಾಯಿಯವರು ರಕ್ತದೊತ್ತಡಕ್ಕಾಗಿ ವೈದ್ಯರು ಬರೆದುಕೊಟ್ಟ 40 ಮಿಲಿಗ್ರಾಂ ಟೆಲ್ಮಿಸಾರ್ಟನ್ ಮಾತ್ರೆಯನ್ನು ಪ್ರತಿದಿನ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ನೆಂಟರೊಬ್ಬರು ‘ಬಿಪಿ ಇರುವವರಿಗೆ ಇದೇ ಒಳ್ಳೆಯದು’ ಎಂದು ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ತಂದುಕೊಟ್ಟರು. ಅಂದಿನಿಂದ ಸಾರು, ಪಲ್ಯ, ಮಜ್ಜಿಗೆಗೆಲ್ಲ ಅದೇ ಬೀಳುತ್ತಿತ್ತು, ಸಾಲದ್ದಕ್ಕೆ ಬೇಸಿಗೆಯೆಂದು ದಿನಕ್ಕೊಂದು ಎಳನೀರು ಬೇರೆ. ನಿನ್ನೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುವುದು ಕಂಡಿತು. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚೇ ಇರುತ್ತದೆ. ಈ ಮಾತ್ರೆಯೂ ದೇಹದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುವುದರಿಂದ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿದ್ದರೆ, ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿ ಹೃದಯಬಡಿತ ಏರುಪೇರಾಗಬಹುದೆಂದು ತಿಳಿದು ಗಾಬರಿಯಾಗಿದೆ. ಆ ಉಪ್ಪನ್ನು ನಿಲ್ಲಿಸಿದ್ದೇವೆ, ಮಾತ್ರೆಯನ್ನು ನಿಲ್ಲಿಸಿಲ್ಲ. ವೈದ್ಯರ ಭೇಟಿ ಸೋಮವಾರವಿದೆ. ಅಷ್ಟರೊಳಗೆ ರಕ್ತದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ) ಪರೀಕ್ಷೆ ಮಾಡಿಸುವುದು ಸೂಕ್ತವೇ? ಬಲ್ಲ ವೈದ್ಯರು ದಯವಿಟ್ಟು ತಿಳಿಸಿ.